ಷಡ್ಡಕನ ಮಡ್ಗಾರ್ಡು

ನನ್ನ ಹೆಂಡತಿಯ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ, ಪೀಳಮೇಡಿನ ಮಿಲ್ಲೊಂದರಲ್ಲಿ ಫಿಟ್ಟರ್. ನಾನು ವಕೀಲ. ಇಬ್ಬರ ಬಳಿಯೂ ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಮೋಟಾರ್‌ಸೈಕಲ್ಲುಗಳಿದ್ದವು. ಹಬ್ಬಕ್ಕೆ ಮಾವನವರು ಆರ್.ಎಸ್. ಪುರಂನ ನಮ್ಮ ಮನೆಗೆ ಬಂದರೆ, ಊಟವಾದ ಮೇಲೆ ಪೇರೂರಿನ ದೇವಸ್ಥಾನಕ್ಕೆ ಹೋಗುವುದು ಪದ್ಧತಿ. ಯಾವ ಅಳಿಯನ ಹಿಂದೆ ಕೂರುತ್ತಾರೆ ಎಂಬುದೇ ನನ್ನ ಪಾಲಿನ ಸುಪ್ರೀಂ ಕೋರ್ಟ್ ತೀರ್ಪು. ಎರಡು ವರ್ಷದಿಂದ ತೀರ್ಪು ನನಗೆ ವಿರುದ್ಧವಾಗಿತ್ತು.

ಕಾರಣ, ಅವನ ಗಾಡಿಯ ಹಿಂದಿನ ಮಡ್ಗಾರ್ಡು. ಅದನ್ನು ಮನೆಯಲ್ಲೇ ಮೊಟಕಾಗಿ ಕೊಯ್ದು, ಅರದಿಂದ ಅಂಚು ಉಜ್ಜಿ, ಕರಿ ಬಣ್ಣ ಬಳಿದಿದ್ದ. ಮಾವನವರು ಅದನ್ನು ಹೊಸ ಮೊಮ್ಮಗುವನ್ನು ಸವರುವ ಹಾಗೆ ಸವರಿದ್ದನ್ನು ಕಣ್ಣಾರೆ ಕಂಡೆ. ನನ್ನ ಎರಡು ಡಿಗ್ರಿಗಳನ್ನು ಅವರು ಹಾಗೆ ಒಮ್ಮೆಯೂ ಸವರಿದವರಲ್ಲ. ಅಂದು ಹತ್ತಿದ ಹೊಟ್ಟೆಕಿಚ್ಚು ಎಷ್ಟು ಮಜ್ಜಿಗೆ ಕುಡಿದರೂ ಆರಲಿಲ್ಲ.

ನಾನೂ ಕೊಯ್ಯುವುದೆಂದು ಸಂಕಲ್ಪ ಮಾಡಿ ಉಕ್ಕಡದ ಕಬ್ಬಿಣದ ಅಂಗಡಿಗೆ ಹೋದೆ.

"ಎದುಕ್ಕುಂಗ?" ಎಂದು ಅಂಗಡಿಯವರು ಯಾವ ಕೆಲಸಕ್ಕೆಂದು ತಮಿಳಿನಲ್ಲಿ ವಿಚಾರಿಸಿದರು. ಹೇಳಿದೆ. ತಗಡಿನ ಕತ್ತರಿ ಬೇಡ, ಬಾಗಿದ ಕಡೆ ಅಂಚು ಮಡಚಿಬಿಡುತ್ತದೆ. ಸಣ್ಣ ಹಲ್ಲಿನ ಗರಗಸ ಸಾಕು ಎಂದರು. ಷಡ್ಡಕನ ಬಳಿ ಇದ್ದದ್ದೂ ಗರಗಸವೇ! ಅವನಷ್ಟೇ ಸಾಕೆಂದರೆ ನಾನೇಕೆ ಹೊರಡಬೇಕಿತ್ತು? ಎಂಟು ದಿನ ವಿಚಾರಣೆ ನಡೆಸಿ, ಕತ್ತರಿಯನ್ನೂ, ಅವನದಕ್ಕಿಂತ ಉದ್ದದ ಗರಗಸವನ್ನೂ, ಮೂರು ಅರಗಳನ್ನೂ, ನುಣುಪು ಮಾಡಲು ಒಂದು ಕಟ್ಟು ಉಪ್ಪುಕಾಗದವನ್ನೂ ತಂದೆ. ಅಷ್ಟರಲ್ಲಿ ಆಯುಧಪೂಜೆಯ ಹಿಂದಿನ ಸಂಜೆ ಬಂದಿತ್ತು. ಮುಕ್ಕಾಲು ಕೊಯ್ಯುವಷ್ಟರಲ್ಲಿ ಕತ್ತಲಾಯಿತು.

ಬೆಳಿಗ್ಗೆ ನೋಡಿದರೆ ಸಲಕರಣೆಗಳೆಲ್ಲ ದೇವರ ಮುಂದೆ ಕುಂಕುಮ ಇಟ್ಟುಕೊಂಡು ಕೂತಿವೆ.

"ಗರಗಸ ಒಂದು ಕೊಡೇ, ಎರಡು ಬೆರಳಷ್ಟೇ ಬಾಕಿ," ಎಂದು ಹೆಂಡತಿಯನ್ನು ಕೇಳಿದೆ.

"ಪೂಜೆಗಿಟ್ಟಿದ್ದನ್ನ ಇವತ್ತು ಮುಟ್ಟೋ ಹಾಗಿಲ್ಲ. ನಿಮ್ಮ ಕೋರ್ಟಿನ ಪುಸ್ತಕಾನೂ ಅಲ್ಲೇ ಇದೆ. ಅದನ್ನ ಕೇಳಿದ್ರಾ?"

ಮಾವನವರು ಬಂದು, ಜೋತುಬಿದ್ದ ತಗಡನ್ನು ನೋಡಿದರು. "ಏನಪ್ಪಾ, ಈ ಸಲ ಕುಂಬಳಕಾಯಿ ಬದಲು ಮಡ್ಗಾರ್ಡು ಒಡೀತೀರೋ?"

"ನಾಳೆ ನಾನೇ ಬಂದು ಮುಗಿಸಿ ಕೊಡ್ತೀನಿ, ಭಾವ," ಅಂದ ಊಟಕ್ಕೆ ಬಂದಿದ್ದ ಷಡ್ಡಕ. ಈ ಒಳ್ಳೆಯತನವೊಂದನ್ನು ಅವನು ಬಿಟ್ಟಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಮಾವನವರು ಅವನ ಹಿಂದೆ ಕೂತು ಹೊರಟರು.

ಮರುದಿನ ಅವನು ಬರುವ ಮೊದಲೇ ನಾನೇ ಕೊಯ್ದೆ. ಅಂಚು ಉಜ್ಜಿದೆ, ಮೂರು ಸಲ ಬಣ್ಣ ಹೊಡೆದೆ. ದೀಪಾವಳಿಯ ಹೊತ್ತಿಗೆ ಅದು ಕನ್ನಡಿಯಾಗಿತ್ತು. ಮಾವನವರು ಬಗ್ಗಿ ಅದರಲ್ಲಿ ಮೀಸೆ ತಿದ್ದಿಕೊಂಡರು. ನನ್ನ ಎದೆ ಉಬ್ಬಿತು. ಆಮೇಲೆ ಅವರು ರಸ್ತೆಯಲ್ಲಿ ನಿಂತ ಮಳೆನೀರನ್ನೊಮ್ಮೆ ನೋಡಿ, ಷಡ್ಡಕನ ಗಾಡಿಯನ್ನೇ ಹತ್ತಿದರು. ಆಯುಧಪೂಜೆಯ ದಿನ ದಾರಿಯಲ್ಲಿ ಮಳೆ ಬಂದು, ಅವರ ಬಿಳಿ ಅಂಗಿಯ ಬೆನ್ನಿಗೆಲ್ಲ ಕೆಸರು ಹಾರಿತ್ತಂತೆ. ಅದಕ್ಕೇ ಅವನು ಮತ್ತೆ ಉದ್ದದ ಮಡ್ಗಾರ್ಡು ಹಾಕಿಸಿದ್ದ.

"ನಾನು ಕೊಯ್ದ ತುಂಡೆಲ್ಲಿ?" ಎಂದು ಹೆಂಡತಿಯನ್ನು ಕೇಳಿದೆ.

"ಬಚ್ಚಲ ಒಲೆಯ ಬೂದಿ ತೋಡೋಕೆ ಇಟ್ಕೊಂಡಿದ್ದೀನಿ ರೀ. ಬಹಳ ಚೆನ್ನಾಗಿದೆ. ನನ್ನ ತಂಗಿಗೂ ಅಂಥದ್ದೇ ಒಂದು ಬೇಕಂತೆ."

"ಕೊಡಕೂಡದು," ಅಂದೆ.