ಪಾಲಣ್ಣನ ಯೆಜ್ಡಿಗೆ ಕೈ ಗೇರ್ ಕೂರಿಸಿದ ನೀರುಗಂಟಿ

ಬೆಳಗಿನ ಐದು ಗಂಟೆ. ಸಿದ್ದಾಪುರದ ನೀರಿನ ಟ್ಯಾಂಕಿಗೆ ಮೋಟಾರು ಹಾಕಿ ಎರ್ರಿಸ್ವಾಮಿ ಮನೆಗೆ ಬರುತ್ತಾರೆ. ಟ್ಯಾಂಕು ತುಂಬಲು ಒಂದೂವರೆ ಗಂಟೆ ಬೇಕು. ಆ ಒಂದೂವರೆ ಗಂಟೆ ಅವರದು. ಪಡಸಾಲೆಯಲ್ಲಿ ಗೋಣಿಚೀಲ ಹಾಸಿಕೊಂಡು, ಡೀಸೆಲ್‌ನಲ್ಲಿ ನೆನೆಹಾಕಿದ ಪಿಸ್ಟನ್ ಎತ್ತಿ, ರಿಂಗ್ ಕೂರುವ ಕಚ್ಚಿನಲ್ಲಿ ಅಂಟಿರುವ ಮಸಿಯನ್ನು ಮುರಿದ ರಿಂಗಿನ ಚೂರಿನಿಂದಲೇ ಕೆರೆದು, ಬಟ್ಟೆಯಿಂದ ಒರೆಸುತ್ತಾರೆ. ಟೀ ತಂದ ಹೆಂಡತಿ ರಂಗಕ್ಕ ನಿಂತಲ್ಲೇ ನಿಲ್ಲುತ್ತಾರೆ.

“ಅದು ಒರೆಸೋ ಬಟ್ಟೆ ಅಲ್ಲ ಕಣ್ರೀ. ನಮ್ಮಣ್ಣ ಕೊಟ್ಟಿದ್ದ ರವಿಕೆ ಪೀಸು!”

“ಮೆತ್ತಗೈತೆ ಅಂತ ತಗಂಡೆ ಕಣೇ,” ಎನ್ನುತ್ತಾರೆ ಎರ್ರಿಸ್ವಾಮಿ, ತಲೆ ಎತ್ತದೆ.

ಐವತ್ತೇಳು ವರ್ಷದ ಎರ್ರಿಸ್ವಾಮಿ ಊರಿಗೆ ನೀರುಗಂಟಿ. ಮುನ್ನೂರ ನಲವತ್ತು ನಲ್ಲಿಗೆ ನೀರು ಬಿಡುವುದು ಸಂಬಳದ ಕೆಲಸ. ಹಳೆಯ ಬೈಕುಗಳ ಎಂಜಿನ್ ಬಿಚ್ಚಿ, ಸರಿಮಾಡಿ, ಮತ್ತೆ ಜೋಡಿಸುವುದು ಮನಸ್ಸಿನ ಕೆಲಸ. ಹತ್ತೊಂಬತ್ತು ವರ್ಷಗಳಲ್ಲಿ ನಲವತ್ತಮೂರು ಎಂಜಿನ್‌ಗಳು ಈ ಪಡಸಾಲೆಯಿಂದ ಎದ್ದು ಹೋಗಿವೆ. ಗ್ಯಾರೇಜಿಲ್ಲ, ಬೋರ್ಡಿಲ್ಲ. ಗಡಿಯಾಚೆಯ ರಾಯದುರ್ಗದ ಕಡೆಯಿಂದಲೂ ಜನ ಹುಡುಕಿಕೊಂಡು ಬರುತ್ತಾರೆ.

ಕಲಿತದ್ದು ಚಳ್ಳಕೆರೆಯ ಒಂದು ಕಡಲೆಕಾಯಿ ಎಣ್ಣೆ ಮಿಲ್ಲಿನಲ್ಲಿ. ಅಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದ ಮುರುಗೇಂದ್ರಪ್ಪ ಮೇಷ್ಟ್ರ ಕೈಕೆಳಗೆ ಒಂಬತ್ತು ವರ್ಷ ದುಡಿದರು. ಮಿಲ್ಲು ಮುಚ್ಚಿದ ದಿನ ಮೇಷ್ಟ್ರು ತಮ್ಮ ಪಾನಾ ಸೆಟ್ಟನ್ನು ಇವರ ಕೈಗಿಟ್ಟು ಹೋದರಂತೆ. “ಆ ಮಾರಾಯ ಒಂದು ದಿನ ಬೈದಿಲ್ಲ, ಹೊಗಳಿಲ್ಲ. ತಪ್ಪು ಮಾಡಿದ್ರೆ ಬಿಚ್ಚು ಅಂತಿದ್ರು, ಅಷ್ಟೇ,” ಎಂದು ಎರ್ರಿಸ್ವಾಮಿ ನೆನೆಯುತ್ತಾರೆ.

ನಲವತ್ತಮೂರರಲ್ಲಿ ಅವರಿಗೆ ಮರೆಯಲಾಗದ್ದು ಒಂದೇ ಒಂದು, ಪಾಲಣ್ಣನ ಯೆಜ್ಡಿ ಬೈಕಿನದು.

ಪಾಲಣ್ಣ ಪಕ್ಕದ ಹಟ್ಟಿಯ ಕುರಿಗಾರ. ಮೂರು ವರ್ಷದ ಹಿಂದೆ ಕೊಳಕುಮಂಡಲ ಹಾವು ಕಚ್ಚಿ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಕೃತಕ ಕಾಲು ಬಂತು, ನಡೆಯುವುದೂ ಬಂತು. ಆದರೆ ತೊಂಬತ್ತು ಕುರಿಗಳ ಹಿಂದೆ ಕಲ್ಲುಗುಡ್ಡ ಸುತ್ತಲಾಗಲಿಲ್ಲ. ಹೆಂಡತಿ ಕ್ಯಾತಮ್ಮ ಒಬ್ಬರೇ ಹದಿನಾಲ್ಕು ಕಿಲೋಮೀಟರು ದೂರದಲ್ಲಿ ಮಂದೆ ಹಾಕಿಕೊಂಡು ಹೈರಾಣಾದರು. ಕುರಿ ಮಾರಿಬಿಡಿ ಎಂದು ನೆಂಟರೆಲ್ಲ ಹೇಳಿದರು.

ಆಗ ಪಾಲಣ್ಣ ಕೊಟ್ಟಿಗೆಯಲ್ಲಿ ಹನ್ನೊಂದು ವರ್ಷದಿಂದ ನಿಂತಿದ್ದ ಯೆಜ್ಡಿಯನ್ನು ಟ್ರ್ಯಾಕ್ಟರಿನಲ್ಲಿ ಹೇರಿಸಿಕೊಂಡು ಎರ್ರಿಸ್ವಾಮಿ ಮನೆ ಮುಂದೆ ಇಳಿಸಿದರು. “ಇದನ್ನ ನನ್ನ ಕಾಲಿಗೆ ಹೊಂದಂಗೆ ಮಾಡು. ಇಲ್ಲಾ ಅಂದ್ರೆ ಕುರಿ ಹೋಗ್ತವೆ.”

ಎಂಜಿನ್ ಕಷ್ಟವಾಗಲಿಲ್ಲ. ಹಿಡಿದುಕೊಂಡಿದ್ದ ಪಿಸ್ಟನ್ ಬಿಡಿಸಿ, ಸಿಲಿಂಡರನ್ನು ಚೀಲದಲ್ಲಿ ಕಟ್ಟಿ ಬಸ್ಸಿನಲ್ಲಿ ಚಳ್ಳಕೆರೆಯ ಲೇತ್ ಅಂಗಡಿಗೆ ಒಯ್ದು ಬೋರ್ ಹೊಡೆಸಿದರು. ಕಷ್ಟವಿದ್ದದ್ದು ಬೇರೆ ಕಡೆ. ಯೆಜ್ಡಿಯಲ್ಲಿ ಕಿಕ್ಕರಿಗೂ ಗೇರಿಗೂ ಒಂದೇ ಲಿವರು, ಅದೂ ಎಡಗಾಲಿಗೆ. ಎರ್ರಿಸ್ವಾಮಿ ಅದಕ್ಕೆ ಕಬ್ಬಿಣದ ಸರಳು ಬೆಸೆದು ಕೈಗೆ ಸಿಗುವಷ್ಟು ಎತ್ತರಿಸಿದರು. ಆ ಗಾಡಿಯಲ್ಲಿ ಗೇರ್ ಒತ್ತಿದರೆ ಕ್ಲಚ್ಚು ಹಿಡಿದಂತೆಯೇ, ಎಂಜಿನ್ನು ಚಕ್ರದ ಹಿಡಿತವನ್ನು ತಾನಾಗಿ ಬಿಡುತ್ತದೆ. ಹಾಗಾಗಿ ಗೇರಿಗೆ ಎಡಗೈ ಒಂದೇ ಸಾಕು, ಕಿಕ್ ಹೊಡೆಯಲು ಪಕ್ಕದಲ್ಲಿ ನಿಂತು ಬಲಗಾಲು ಸಾಕು ಎಂಬುದು ಅವರ ಲೆಕ್ಕ.

ಪಾಲಣ್ಣ ಮೊದಲ ಸಲ ಓಡಿಸಿದಾಗಲೇ, ಜಟಿಂಗ ರಾಮೇಶ್ವರದ ಬೆಟ್ಟದ ಹತ್ತಿರ ಇಳಿಜಾರಿನಲ್ಲಿ ಆ ಲೆಕ್ಕ ತಪ್ಪಿತು. ಭಾರದ ಸರಳು ಕಲ್ಲುದಾರಿಯ ಕುಲುಕಾಟಕ್ಕೆ ತಾನೇ ಕೆಳಗೆ ಒತ್ತಿಕೊಂಡಿತು. ಎಂಜಿನ್ ಹಿಡಿತ ತಪ್ಪಿದ ಗಾಡಿ ಬ್ರೇಕಿಗೂ ನಿಲ್ಲದೆ ಓಡಿ ಜಾಲಿಪೊದೆಗೆ ನುಗ್ಗಿತು. ಪಾಲಣ್ಣನ ಬಲಗೈ ಮಣಿಕಟ್ಟು ಮುರಿಯಿತು.

“ಎರಡು ತಿಂಗಳು ಪಾನಾ ಮುಟ್ಟಲಿಲ್ಲ ಸಾರ್. ಇರೋ ಕೈನೂ ಕಿತ್ಕಂಡ್ನಲ್ಲಪ್ಪಾ ಅನ್ನಿಸ್ತಿತ್ತು,” ಎನ್ನುವಾಗ ಎರ್ರಿಸ್ವಾಮಿ ದನಿ ಇಳಿಯುತ್ತದೆ. ಬೈಕಿನ ಮೇಲೆ ಟಾರ್ಪಾಲು ಹೊದಿಸಿ, ಪಾಲಣ್ಣನ ಹಟ್ಟಿಯ ದಾರಿಯನ್ನೇ ಬಿಟ್ಟು ಸುತ್ತಿ ಓಡಾಡುತ್ತಿದ್ದರಂತೆ.

ಕೊನೆಗೆ ಪಾಲಣ್ಣನೇ ಬಂದರು. ಕೈಗೆ ಇನ್ನೂ ಬ್ಯಾಂಡೇಜಿತ್ತು. ಟಾರ್ಪಾಲು ಕಿತ್ತೆಸೆದು ಕೂಗಾಡಿದರು. “ಲೇ ಎರ್ರಿ, ಮುರಿದಿದ್ದು ನನ್ನ ಕೈ. ಹೆದರ್ಕಂಡು ಕುಂತಿರೋನು ನೀನಾ? ಅಲ್ಲಿ ಮಂದೆ ತಾವ ನನ್ನ ಹೆಂಡ್ತಿ ಒಬ್ಳೇ ಅವ್ಳೆ. ಏಳೋ!”

ಎರ್ರಿಸ್ವಾಮಿ ಎದ್ದರು. ಮೇಷ್ಟ್ರು ಹೇಳುತ್ತಿದ್ದ ಹಾಗೆ ಮೊದಲಿಂದ ಬಿಚ್ಚಿದರು. ಸರಳಿನ ಬದಲು ಸೈಕಲ್ ಫ್ರೇಮಿನ ಹಗುರ ಕೊಳವೆ ಹಾಕಿ, ಅದರ ಭಾರವೆಲ್ಲ ಗಾಡಿಯ ಚಾಸಿ ಮೇಲೆ ಕೂರುವಂತೆ ಮಾಡಿದರು. ಕೈ ಬಿಟ್ಟೊಡನೆ ಲಿವರು ತನ್ನ ಜಾಗಕ್ಕೆ ಬರಲು ಹಳೆಯ ಮೊಪೆಡ್ ಸ್ಟ್ಯಾಂಡಿನ ಸ್ಪ್ರಿಂಗ್ ಕಟ್ಟಿದರು. ಈ ಸಲ ಪಾಲಣ್ಣನನ್ನು ಹತ್ತಿಸಲಿಲ್ಲ. ತಮ್ಮ ಎಡಗಾಲು ಮಡಿಚದಂತೆ ಬಿದಿರು ದಬ್ಬೆ ಬಿಗಿದುಕೊಂಡು, ಅದೇ ಇಳಿಜಾರಿನಲ್ಲಿ ಹನ್ನೊಂದು ಬೆಳಗು ಹತ್ತಿ ಇಳಿದರು.

“ಇರೋ ಕಾಲು ಭಾರ ಆಗೈತೇನ್ರಿ ನಿಮಗೆ ಅಂತ ಬೈದೆ. ಕೇಳಲಿಲ್ಲ,” ಎನ್ನುವ ರಂಗಕ್ಕ, ದಿನಾ ಬೆಳಿಗ್ಗೆ ಆ ದಬ್ಬೆ ಬಿಗಿದು ಕಟ್ಟುತ್ತಿದ್ದವರು ತಾವೇ ಎಂಬುದನ್ನು ಮಾತ್ರ ಹೇಳುವುದಿಲ್ಲ. ಅದನ್ನು ಹೇಳಿದ್ದು ಎರ್ರಿಸ್ವಾಮಿ.

ಹನ್ನೆರಡನೆಯ ದಿನ ಪಾಲಣ್ಣ ಒಬ್ಬರೇ ಹೊರಟರು. ಅತ್ತ ಮಂದೆಯ ಬಳಿ ಕ್ಯಾತಮ್ಮ ಮೂರು ಕಲ್ಲಿನ ಒಲೆಯ ಮೇಲೆ ರೊಟ್ಟಿ ಸುಡುತ್ತಿದ್ದರು. “ಗುಡ್ಡದ ಆ ಕಡೆಯಿಂದ ಸದ್ದು ಬಂತು. ನಮ್ಮ ಗಾಡೀದೇ ಅನ್ನಿಸ್ತು. ಎದ್ದು ನೋಡಕಂತ ನಿಂತೋಳು ನಿಂತೇ ಇದ್ದೆ, ರೊಟ್ಟಿ ಸೀದು ಕರ್ರಗಾಗಿತ್ತು,” ಎಂದು ಅವರು ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಅಂದಿನಿಂದ ಆ ಬೈಕು ಐದು ಸಾವಿರ ಕಿಲೋಮೀಟರು ಓಡಿದೆ. ಬದಲಾದದ್ದು ಒಂದು ಪ್ಲಗ್ಗು. ಕುರಿ ಒಂದೂ ಮಾರಾಟವಾಗಿಲ್ಲ. ಮಂದೆ ಈಗ ನೂರಾ ಆರು.

ಆರೂವರೆ ಆಯಿತು. ವಾಲ್ವ್ ತಿರುಗಿಸಲು ಎರ್ರಿಸ್ವಾಮಿ ಎದ್ದು ಕೈ ಒರೆಸಿಕೊಳ್ಳುತ್ತಾರೆ. ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ಹೇಳುತ್ತಾರೆ.

“ಪಾಲಣ್ಣನ ಗಾಡಿ ಇನ್ನು ರಿಪೇರಿಗೆ ಅಂತ ನಮ್ಮ ಬಾಗಿಲಿಗೆ ಬರಬಾರ್ದು ಸಾರ್. ಊಟಕ್ಕೆ ಬೇಕಾದ್ರೆ ಗಂಡ ಹೆಂಡ್ತಿ ದಿನಾ ಬರಲಿ.”