ತೊಳೆದರೂ ಹೋಗದ ಕೆಂಪು

ಬಟ್ಟೆಗೆ ಬಣ್ಣ ಹಾಕುವವನ ಕೈಗೆ ಸ್ವಂತ ಬಣ್ಣವೆಂಬುದಿಲ್ಲ. ಅವನದು ಒಂದು ದಿನ ಹಳದಿ, ಒಂದು ದಿನ ಹಸಿರು. ಊಟಕ್ಕೆ ಕೂತಾಗ ಅಕ್ಕ, "ಇವತ್ತು ಯಾರ ಕೈ ತಂದ್ಯೋ?" ಎಂದು ಕಿಚಾಯಿಸುವಳು. ತಮ್ಮ ಅದ್ದಿದ್ದನ್ನು ಒಣಗಿಸಿ ಮಡಿಸುವವಳು ಅವಳೇ. ತಾನು ಅದ್ದಿದ ಬಟ್ಟೆ ಎಷ್ಟು ಒಗೆದರೂ ಬಣ್ಣ ಬಿಡುವುದಿಲ್ಲ ಎಂಬುದೊಂದೇ ಅವನ ಜಂಭ.

ಆ ವಾರ ಬಣ್ಣದ ಹಂಡೆಯ ಕಂಠ ತಾಗಿ ಮುಂಗೈ ಒಂದಿಷ್ಟು ತರಚಿತು. ಅದೇನು ಮಹಾ ಎಂದು ಅವನು ಮತ್ತೆ ನೀಲಿಯೊಳಗೆ ಕೈ ಇಳಿಸಿದ. ಆಮೇಲೆ ನೀಲಿ ಮುಗಿಯುವಲ್ಲಿ, ಮೊಣಕೈಯಿಂದ ಮೇಲಕ್ಕೆ, ಕೆಂಪು ಕಾಣಿಸಿತು. ಹಿಂದಿನ ವಾರದ ಕೆಂಪು ಉಳಿದಿರಬೇಕೆಂದು ಸೋಪು ಹಚ್ಚಿ ತಿಕ್ಕಿದ, ನಿಂಬೆಹೋಳು ಉಜ್ಜಿದ. ಕೈ ಉರಿಯಿತು, ಕೆಂಪು ಹೋಗಲಿಲ್ಲ. ಅಂಗಳದ ಹಗ್ಗಗಳ ಮೇಲೆ ಒದ್ದೆ ನೀಲಿ ಬಟ್ಟೆಗಳು ನಿಧಾನವಾಗಿ ತೂಗುತ್ತಿದ್ದವು. ಅವುಗಳ ನೆರಳಲ್ಲಿ ಕೂತವನಿಗೆ ಚಳಿ ಹತ್ತಿತು. ತಾನೇ ಯಾವುದೋ ದೊಡ್ಡ ಹಂಡೆಯೊಳಗೆ ಮೆಲ್ಲಗೆ ಮುಳುಗುತ್ತಿರುವಂತೆ, ಯಾರೋ ಕೋಲಿನಿಂದ ತನ್ನನ್ನು ತಿರುವುತ್ತಿರುವಂತೆ ಅನ್ನಿಸಿತು. ಹಾಯಾಗಿಯೇ ಇತ್ತು.

ಬಟ್ಟೆ ತೆಗೆಯಲು ಬಂದ ಅಕ್ಕ ಅವನ ತೋಳು ಮುಟ್ಟಿ ಬೆಚ್ಚಿದಳು.

"ಕಾದ ಹಂಚಿನ ಥರ ಸುಡ್ತಿದೆಯಲ್ಲೋ. ಈ ಕೆಂಪು ಏನು?"

"ಹಳೇ ಬಣ್ಣ ಅಕ್ಕಾ, ಹೋಗಿಲ್ಲ."

"ಹಳೇ ಬಣ್ಣ ಬಿಸಿ ಇರುತ್ತಾ? ಬೆಳಿಗ್ಗೆ ಇದು ಇರ್ಲೇ ಇಲ್ಲ. ಏಳು."

ಡಾಕ್ಟರು ನೀಲಿಯ ಕೆಳಗೆ ಬಾತಿದ್ದ ಕೈಯನ್ನು ಒತ್ತಿ ನೋಡಿದರು. ಗಾಯದಿಂದ ಬ್ಯಾಕ್ಟೀರಿಯಾ ಒಳಹೊಕ್ಕು ಚರ್ಮದಡಿ ಹರಡುತ್ತಿದೆ ಎಂದರು. ಇಂಜೆಕ್ಷನ್ ಕೊಟ್ಟು, ಆಂಟಿಬಯೋಟಿಕ್ ಮಾತ್ರೆ ಬರೆದು, ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದರು.

"ನಾಳೆ ಬಂದು ತೋರಿಸಿ. ಅಷ್ಟರೊಳಗೆ ಕೆಂಪು ಈ ಗೆರೆ ದಾಟಿದ್ರೆ, ಜ್ವರ ಏರಿದ್ರೆ ಆಗಲೇ ಬನ್ನಿ. ಅಸಡ್ಡೆ ಮಾಡಿದ್ರೆ ಕೈ ಹೋಗುತ್ತೆ, ಜೀವಕ್ಕೂ ಕುತ್ತು. ವಾಸಿ ಆಯ್ತು ಅನ್ನಿಸಿದ್ರೂ ಮಾತ್ರೆ ಪೂರ್ತಿ ಮುಗಿಸ್ಬೇಕು."

ಮನೆಯಲ್ಲಿ ಅಕ್ಕ ದಿಂಬಿನ ಮೇಲೆ ದಿಂಬಿಟ್ಟು ಅವನ ಕೈಯನ್ನು ಎತ್ತರದಲ್ಲಿ ಮಲಗಿಸಿದಳು. ಈ ಕೈ ಹೋದರೆ ತಾನು ಏನೂ ಅಲ್ಲ ಎಂಬ ಭಯ ಅವನಿಗೆ ಆಗ ಬಂತು. ಅರೆನಿದ್ದೆಯಲ್ಲಿ ಕಣ್ಣು ಮುಚ್ಚಿದರೆ ಕೆಂಪು ಆ ಗೆರೆಯನ್ನು ದಾಟುತ್ತಿತ್ತು. ತೆರೆದರೆ ಅಲ್ಲೇ ಇರುತ್ತಿತ್ತು. ಅಕ್ಕ ಹೊತ್ತುಹೊತ್ತಿಗೆ ಮಾತ್ರೆ ನುಂಗಿಸಿ, ಗೆರೆ ನೋಡಿ ಹೋಗುತ್ತಿದ್ದಳು.

ಒಂದು ಬೆಳಿಗ್ಗೆ ಗೆರೆಗೂ ಕೆಂಪಿಗೂ ನಡುವೆ ತೆಳ್ಳಗೆ ಅವನದೇ ಚರ್ಮ ಕಾಣಿಸಿತು. ಆ ಬಣ್ಣಕ್ಕೆ ಏನನ್ನುತ್ತಾರೆಂದು ಅವನಿಗೆ ತಟ್ಟನೆ ಹೊಳೆಯಲಿಲ್ಲ.

"ಅಕ್ಕಾ, ಬಾ ಇಲ್ಲಿ. ಬಣ್ಣ ಬಿಡ್ತಾ ಇದೆ."

ಅವಳು ಬಂದು ನೋಡಿದಳು. ಮುಖ ತಿರುಗಿಸಿ ಕಣ್ಣೊರೆಸಿಕೊಂಡು, ಆ ಹೊತ್ತಿನ ಮಾತ್ರೆಯನ್ನು ಅವನ ಬಾಯಿಗಿಟ್ಟಳು.

"ಪೂರ್ತಿ ಬಿಡ್ಲಿ," ಎಂದಳು.