ಬೀಜದ ಮಿಷನ್ನಿನ ಗುಟ್ಟು

ಒಂದು ಮಿಷನ್ನಿನ ಫೋಟೋ ಹೊರಗೆ ಹೋಯಿತೆಂಬ ಕಾರಣಕ್ಕೆ ಬಸ್ಸಿನಲ್ಲಿ ಜನ ನನ್ನನ್ನು ತಿರುಗಿ ತಿರುಗಿ ನೋಡುತ್ತಿದ್ದ ದಿನಗಳು ನೆನಪಾದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಊರಿನಲ್ಲಿ ಕೆಲವರ ಕೈಗಷ್ಟೇ ಟಚ್ ಫೋನ್ ಬಂದಿದ್ದ ಕಾಲ ಅದು. ಡಿಪ್ಲೊಮಾ ಮುಗಿಸಿ ಕುಂದಾಪುರದ ಒಂದು ಸಣ್ಣ ಕಂಪನಿಗೆ ಸೇರಿದ್ದೆ. ಗೇರುಬೀಜವನ್ನು ಒಂದೊಂದಾಗಿ ಅಳೆದು, ತಿರುಳು ತುಂಡಾಗದ ಹಾಗೆ ಸಿಪ್ಪೆ ಕತ್ತರಿಸುವ ಕಂಪ್ಯೂಟರ್ ಮಿಷನ್ನಿನ ಮೊದಲ ಮಾದರಿ ಅಲ್ಲಿ ತಯಾರಾಗುತ್ತಿತ್ತು. ಅದರ ಡ್ರಾಯಿಂಗ್ ಮಾಡುವುದು ನನ್ನ ಕೆಲಸ. ಸೇರಿದ ದಿನವೇ ಯಜಮಾನರು ಬಾಗಿಲು ಹಾಕಿಕೊಂಡು, "ಇದ್ ಹೊರ್ಗೆ ಹೋರೆ ನಾವ್ ಮುಳ್ಗ್ದಂಗೆ" ಎಂದಿದ್ದರು. ನಾನು ಬಾಯಿಗೆ ಬೀಗ ಹಾಕಿಕೊಂಡೆ, ಮನೆಯಲ್ಲಿ ಕೂಡ. ತ್ರಾಸಿಯ ನಮ್ಮ ಮನೆಯಿಂದ ಅಮ್ಮ ದಿನಾ ಹೋಗುತ್ತಿದ್ದದ್ದು ಬೀಜದ ಫ್ಯಾಕ್ಟರಿಗೆ. ಮಿಷನ್ ಮಾಡಲು ಹೊರಟಿದ್ದ ಕೆಲಸವನ್ನೇ ಅವಳು ಸಿಪ್ಪೆಯೆಣ್ಣೆಗೆ ಕಪ್ಪಾದ ಬೆರಳುಗಳಿಂದ ಮಾಡುತ್ತಿದ್ದಳು. ನಿನ್ನ ಕೆಲಸ ಎಂಥದ್ದು ಎಂದು ಕೇಳಿದರೆ, ಏನೋ ಮಿಷನ್ನಿನ ಚಿತ್ರ ಬಿಡಿಸುವುದು ಎಂದು ಹಾರಿಕೆಯ ಉತ್ತರ ಕೊಡುತ್ತಿದ್ದೆ.

ದೀಪಾವಳಿ ಕಳೆದ ಮೇಲೆ ಬೈಂದೂರು ಕಡೆಯ ಒಂದು ವಾರಪತ್ರಿಕೆಯಲ್ಲಿ ನಮ್ಮ ಮಿಷನ್ನಿನ ಫೋಟೋ ಬಂತು. ಮಸಿ ಮೆತ್ತಿದಂಥ ಕಪ್ಪು ಬಿಳುಪು ಫೋಟೋ. ಇಂಥ ಮಿಷನ್ ಬಂದರೆ ಬೀಜ ಒಡೆಯುವ ಹೆಂಗಸರ ಗತಿಯೇನು ಎಂದು ಮೇಲೆ ದಪ್ಪಕ್ಷರದಲ್ಲಿ ಕೇಳಿದ್ದರು. ಯಜಮಾನರು ಪತ್ರಿಕೆಗೆ ವಕೀಲರಿಂದ ನೋಟಿಸು ಕೊಡಿಸಿದರು. ಪತ್ರಿಕೆಯವನು ಆ ನೋಟಿಸನ್ನೂ ಮುಂದಿನ ವಾರ ಅಚ್ಚು ಹಾಕಿದ. ಅಲ್ಲಿಯವರೆಗೆ ಓದದವರೂ ಆಮೇಲೆ ಕೊಂಡು ಓದಿದರು.

ನೋಟಿಸಿನಲ್ಲಿ ಫೋಟೋ ಕೊಟ್ಟವರು "ಕಂಪನಿಯ ಒಳಗಿನವರೇ" ಎಂಬ ಮಾತಿತ್ತು. ಒಳಗಿನವರು ಎಂದರೆ ಯಾರು? ಯಜಮಾನರು, ಅವರ ಭಾವ, ಇಬ್ಬರು ಫಿಟ್ಟರುಗಳು, ನಾನು. ಅವರಲ್ಲಿ ಬೀಜ ಒಡೆಯುವ ಅಮ್ಮ ಇದ್ದದ್ದು ನನಗೊಬ್ಬಳಿಗೇ. ಮತ್ತೆ ಕೇಳಬೇಕೆ!

ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಮಿಷನ್ನನ್ನು ಕಣ್ಣಿನಿಂದ ನೋಡದವರೆಲ್ಲ ಅದರ ಬಗ್ಗೆ ತೀರ್ಪು ಕೊಡುತ್ತಿದ್ದರು. "ಬ್ರಹ್ಮಾವರದ್ ಪಾರ್ಟಿ ಒಂದಕ್ಕೆ ಮಾರಿದ್ಳ್ ಅಂಬ್ರಲೆ" ಎಂದು ಒಬ್ಬ. "ಕೊಟ್ರೆ ಎಂತ ತಪ್ಪ್? ಹೆತ್ತಬ್ಬಿ ಹೊಟ್ಟಿ ಕಾಂಬುದ್ ಬ್ಯಾಡ್ದಾ?" ಎಂದು ಇನ್ನೊಬ್ಬ. ಬೈಯುವವರಿಗೂ ಹೊಗಳುವವರಿಗೂ ನಾನೇ ಮಾಡಿದ್ದೆಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯ ಇರಲಿಲ್ಲ. ಹಿರಿಯರೊಬ್ಬರು ಬಸ್ಸಿನಲ್ಲೇ, "ನೀನ್ ಮಾಡ್ಲಿಲ್ಲೆ ಅಂದ್ರೆ ದೇವ್ರೆದ್ರಿಗೆ ಪ್ರಮಾಣ ಮಾಡ್, ಮುಗೀತಲೆ" ಎಂದು ಪರಿಹಾರವನ್ನೂ ಕೊಟ್ಟರು. ನಾನು ಮಾಡದ ಕೆಲಸಕ್ಕೆ ನಾನೇಕೆ ಹೋಗಿ ದೇವರ ಮುಂದೆ ಕೈಮುಗಿದು ನಿಲ್ಲಬೇಕು? ಅಷ್ಟು ಹೇಳಿದ್ದಕ್ಕೆ, ಹೆದರಿದಳು ಎಂದು ಸುದ್ದಿಯಾಯಿತು.

ಆಫೀಸಿನಲ್ಲಿ ನನ್ನ ಕಂಪ್ಯೂಟರಿಗೆ ಬೇರೆ ಪಾಸ್‌ವರ್ಡ್ ಬಿತ್ತು. ತಿಂಗಳ ಕೊನೆಯವರೆಗೆ ಬಾ, ಆಮೇಲೆ ನೀನು ಬರುವುದು ಬೇಡ ಎಂದು ಯಜಮಾನರ ಭಾವ ನಯವಾಗಿಯೇ ಹೇಳಿದರು. ಕೆಲಸ ಹೋದರೆ ಹೋಗಲಿ, ಇಂಥ ಹೆಸರು ಹೊತ್ತವಳಿಗೆ ಈ ಸುತ್ತಿನಲ್ಲಿ ಇನ್ನು ಯಾರು ಕೆಲಸ ಕೊಡುತ್ತಾರೆ?

ಸಿಟ್ಟಿನಲ್ಲಿ ಆ ಫೋಟೋವನ್ನು ಮತ್ತೆ ಮತ್ತೆ ನೋಡುತ್ತಿದ್ದೆ. ಮಿಷನ್ನಿನ ನೆತ್ತಿಯ ಮೇಲೆ ಬೆಳ್ಳಗೆ ಉಂಡೆ ಉಂಡೆಯಾಗಿ ಏನೋ ಇಳಿಬಿದ್ದಿತ್ತು. ಎಲ್ಲರೂ ಅದನ್ನು ವೈರು ಎಂದುಕೊಂಡಿದ್ದರು. ನನಗೆ ತಟ್ಟನೆ ಹೊಳೆಯಿತು. ಅದು ಗೊಂಡೆ ಹೂವಿನ ಮಾಲೆ!

ಆ ಮಿಷನ್ನಿಗೆ ಮಾಲೆ ಹಾಕಿದ್ದು ಒಂದೇ ದಿನ, ಆಯುಧಪೂಜೆಯಂದು. ಅವತ್ತು ಯಜಮಾನರು ನೆಂಟರು, ನೆರೆಯವರು, ಬ್ಯಾಂಕಿನವರು ಎಲ್ಲರನ್ನೂ ಕರೆದಿದ್ದರು. ಒಂದು ಬಟ್ಟೆಯಾದರೂ ಮುಚ್ಚೋಣ ಸರ್ ಎಂದು ನಾನು ಹೇಳಿದ್ದಕ್ಕೆ, "ದೇವ್ರ್ ಕೆಲ್ಸಕ್ಕೆ ಮುಚ್ಚುದ್ ಎಂತಕ್ಕೆ ಮಾರಾಯ್ತಿ?" ಎಂದು ನಕ್ಕಿದ್ದರು. ಪೂಜೆ ಆಯಿತು, ಪಂಚಕಜ್ಜಾಯ ಹಂಚಿದ್ದಾಯಿತು. ಪೇಟೆಯ ಸ್ಟುಡಿಯೋದವನನ್ನು ಕರೆಸಿ, ರೇಷ್ಮೆ ಲಂಗ ಉಟ್ಟ ತಮ್ಮ ಪುಟ್ಟ ಮಗಳನ್ನು ಮಿಷನ್ನಿನ ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆಸಿದ್ದೂ ಅವರೇ.

ನೆಟ್ಟಗೆ ಆ ಸ್ಟುಡಿಯೋಗೆ ಹೋದೆ. ಒಳಗೆ ಹೋಗಬೇಕಾಗಲಿಲ್ಲ. ಮಗು ಚೆಂದ ಬಂದಿದೆಯೆಂದು ಸ್ಟುಡಿಯೋದವನು ಆ ಫೋಟೋವನ್ನು ದೊಡ್ಡದು ಮಾಡಿ ರಸ್ತೆ ಕಡೆಯ ಗಾಜಿನೊಳಗೆ ತೂಗುಹಾಕಿದ್ದ. ನಮ್ಮ ಪರಮ ಗುಟ್ಟು ಪೇಟೆಯ ನಡುವೆ, ಮದುವೆ ಜೋಡಿಗಳ ಪಕ್ಕದಲ್ಲಿ, ಹಲ್ಲು ಕಿಸಿದುಕೊಂಡು ನಿಂತಿತ್ತು. ಪತ್ರಿಕೆಯವನು ಮಗುವನ್ನು ಬಿಟ್ಟು ಮಿಷನ್ನನ್ನಷ್ಟೇ ಹಾಕಿಕೊಂಡಿದ್ದ.

ಯಜಮಾನರನ್ನು ಕರೆತಂದು ತೋರಿಸಿದೆ. ಅವರು ಗಾಜಿನೊಳಗೆ ತುಂಬ ಹೊತ್ತು ನೋಡಿದರು. "ಅದ್ ಮನೆ ಫಂಕ್ಷನ್ನಿನ್ ಫೋಟೋ ಅಲ್ದಾ" ಎಂದು ಗೊಣಗಿದರು. ಆ ಸಂಜೆಯೇ ಫೋಟೋ ಇಳಿಯಿತು, ಪತ್ರಿಕೆಯೊಡನೆ ರಾಜಿಯೂ ಆಯಿತು. ನನ್ನ ಕೆಲಸವೇನೋ ಉಳಿಯಿತು. ಆದರೆ ನಾಲ್ಕು ಜನರಿಗೆ ಕೇಳುವಂತೆ, ಈ ಹುಡುಗಿ ಮಾಡಿದ್ದಲ್ಲ ಎಂಬ ಒಂದು ಮಾತು ಅವರ ಬಾಯಿಂದ ಬರಲಿಲ್ಲ. ಕೇಳಿದರೆ, "ಹೋಯ್ಲಿ ಬಿಡ್, ಮತ್ತೆ ಎಂತಕ್ಕೆ ಎಬ್ಸುದ್" ಎಂದರು. ಅವರು ಹೇಳದಿದ್ದರೆ ಬೇಡ, ಸಿಕ್ಕಸಿಕ್ಕವರಿಗೆಲ್ಲ ನಾನೇ ಹೇಳುತ್ತೇನೆ, ಮೊದಲು ಅಮ್ಮನಿಗೆ ಎಂದುಕೊಂಡು ಮನೆಗೆ ಹೋದೆ.

ಅಮ್ಮ ಹಿತ್ತಿಲಿನಲ್ಲಿ ಮೀನು ಕೊಯ್ಯುತ್ತಿದ್ದಳು. ಮಾಲೆ, ಮಗು, ಗಾಜು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ. ಅವಳ ಕೈ ನಿಂತಿತು.

"ಹಾಂಗಾರೆ ಪೇಪರಿಗೆ ಕೊಟ್ಟದ್ ನೀನಲ್ದಾ?"

"ಅಲ್ಲ ಅಂದೇಳಿ ಎಷ್ಟ್ ಸಲ ಹೇಳುದ್ ಅಮ್ಮ!"

ನಾನು ಅಲ್ಲವೆಂದದ್ದೆಲ್ಲ ಕೆಲಸ ಉಳಿಸಿಕೊಳ್ಳಲು ಎಂದು ಅವಳು ತಿಳಿದಿದ್ದಳು. ಫ್ಯಾಕ್ಟರಿಯ ಹೆಂಗಸರೂ ಹಾಗೆಯೇ ತಿಳಿದಿದ್ದರು. ನಿನ್ನ ಮಗಳು ನಮ್ಮ ಹೊಟ್ಟೆ ನೋಡಿದಳು ಎಂದು ಕಡುಬು, ಬಸಳೆ ತಂದುಕೊಡುತ್ತಿದ್ದರಂತೆ. ಮಿಷನ್ ಬಂದರೂ ಯಾರನ್ನೂ ಬಿಡಿಸಬಾರದು ಎಂದು ಮಾಲೀಕರ ಹತ್ತಿರ ಮಾತಾಡಲು ಅಮ್ಮನನ್ನೇ ಮುಂದೆ ನಿಲ್ಲಿಸಿದ್ದರಂತೆ. ಇದೆಲ್ಲ ನನಗೆ ಗೊತ್ತಾದದ್ದು ಆಗ.

"ನಿಂಗೆ ಯಾವತ್ತಿಂದ ಗೊತ್ತಿದ್ದಿತ್, ಆ ಮಿಷನ್ ಬತ್ತ್ ಅಂದೇಳಿ?"

"ಸೇರಿದ್ ದಿನದಿಂದ."

"ನಾವ್ ದಿನಾ ಒಟ್ಟಿಗೇ ಅಲ್ದಾ ಉಂಬುದ್?"

ನನಗೆ ಸಿಟ್ಟು ಬಂತು. ಹೇಳಿದ್ದರೆ ಕೆಲಸ ಹೋಗುತ್ತಿತ್ತು, ನೀನೂ ಊರಿನವರ ಹಾಗೆಯೇ ಮಾತಾಡುತ್ತೀ ಎಂದು ಕಿರುಚಿದೆ. ಅವಳು ಮೀನಿಗೆ ಉಪ್ಪು ಹಾಕಿ ಉಜ್ಜಿದಳು, ತೊಳೆದಳು, ನೀರು ಚೆಲ್ಲಿದಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು.

"ನೀನಲ್ಲ ಅಂದೇಳಿ ಯಾರತ್ರವೂ ಹೇಳ್ಬೇಡ ಮಗಾ. ನಾಳೆ ನಾನ್ ಫ್ಯಾಕ್ಟ್ರಿಗೆ, ಆ ಹೆಂಗ್ಸ್ರ್ ಎದ್ರಿಗೇ ಹೋಯ್ಕಲ್ದಾ."